ಕೊಳ್ಳುವ ಮೊದಲು ರಿಪೇರಿ ಅಂಗಡಿಗೆ

ನಮ್ಮಮ್ಮನ ಮದುವೆಗೆ ಕೊಟ್ಟ ಸ್ಟೀಲಿನ ಡಬ್ಬಿಯೊಂದು ಈಗಲೂ ನಮ್ಮನೆಯಲ್ಲಿದೆ. ಅದರ ಕಂಠದ ಹತ್ತಿರ ಚುಕ್ಕಿ ಚುಕ್ಕಿಯಾಗಿ ಅಜ್ಜನ ಹೆಸರು, ಪಕ್ಕದಲ್ಲಿ 12-5-78 ಅಂತ ತಾರೀಖು. ಆಗೆಲ್ಲ ಪಾತ್ರೆ ಅಂಗಡಿಯಲ್ಲೇ ಕೂತು ಹೆಸರು ಹಾಕಿಸಿಕೊಂಡು ಬರುತ್ತಿದ್ದರು. ನಾಲ್ಕು ಮನೆಯ ಪಾತ್ರೆ ಸೇರುವ ಕಡೆ ಅದಲು ಬದಲಾಗಬಾರದು ಅಲ್ವಾ. ಅದರಲ್ಲಿ ಈಗ ಸಕ್ಕರೆ ತುಂಬಿಡುತ್ತೇನೆ. ನಾನು ಸಾಮಾನು ಕೊಳ್ಳುವ ರೀತಿ ಬದಲಾಗಿದ್ದಕ್ಕೆ ಆ ತಾರೀಖೂ ಒಂದು ಕಾರಣ.

ಇನ್ನೊಂದು ಕಾರಣ ಮಿಕ್ಸಿ. ಮೂರನೇ ಮಿಕ್ಸಿ ಸುಟ್ಟ ವಾಸನೆ ಬಂದ ದಿನ, ಅದನ್ನು ತಂದು ಎಷ್ಟು ವರ್ಷ ಆಯ್ತು ಅಂತ ಮನೆಯಲ್ಲಿ ಜಗಳ ಆಯ್ತು. ನನ್ನ ಪ್ರಕಾರ ಎರಡು. ಯಜಮಾನರ ಪ್ರಕಾರ ನಾಲ್ಕು. ಬಿಲ್ ಹುಡುಕಿ ತೆಗೆದರೆ ಬರೀ ಬಿಳಿ ಕಾಗದ. ಆ ನುಣುಪು ಕಾಗದದ ಬಿಲ್ಲುಗಳು ಬಿಸಿಯಿಂದ ಮೂಡುವ ಅಕ್ಷರದವು. ಬೀರುವಿನಲ್ಲಿಟ್ಟರೂ ಕಾಲ ಕಳೆದಂತೆ ಅಳಿಸಿ ಹೋಗುತ್ತವೆ. ಗ್ಯಾರಂಟಿ ಇತ್ತೋ ಇಲ್ಲವೋ ದೇವರಿಗೇ ಗೊತ್ತು. ಅವತ್ತಿನಿಂದ ಏನು ತಂದರೂ ಅದರ ತಳದಲ್ಲಿ ಮಾರ್ಕರಿನಿಂದ ತಾರೀಖು ಬರೆಯುತ್ತೇನೆ. ಬಿಲ್ಲಿನ ಫೋಟೋ ಅದೇ ದಿನ ತೆಗೆದಿಡುತ್ತೇನೆ.

ಸುಟ್ಟ ಮಿಕ್ಸಿ ಹಿಡಿದು ಶಿವಮೊಗ್ಗದಲ್ಲಿ ಒಂದು ಪುಟ್ಟ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯ ಅಣ್ಣ ತಳ ಬಿಚ್ಚಿ, ಮೂಸಿ ನೋಡಿ, ಪಕ್ಕಕ್ಕಿಟ್ಟರು. ‘ವೈಂಡಿಂಗ್ ಹೋಗಿದೆ ಅಕ್ಕಾ. ಸುತ್ತಿಸಬಹುದು, ಆದ್ರೆ ಈ ಮಾಡಲ್ಲಿಗೆ ಜಾರ್ ಸಿಗಲ್ಲ, ಕಪ್ಲರ್ ಸಿಗಲ್ಲ. ಸುಮ್ನೆ ದುಡ್ಡು ದಂಡ.’ ಆಮೇಲೆ ನಗುತ್ತಾ ಒಂದು ಮಾತು ಅಂದರು. ‘ಎಲ್ಲರೂ ತಗೊಂಡಾದ ಮೇಲೆ ನನ್ನ ಹತ್ರ ಬರ್ತಾರೆ. ತಗೊಳ್ಳೋಕೆ ಮುಂಚೆ ಯಾರೂ ಬರಲ್ಲ.’

ಹಾಗಾದರೆ ಈಗ ಬಂದಿದ್ದೀನಿ, ಹೇಳಿ ಅಂತ ಸ್ಟೂಲ್ ಎಳೆದುಕೊಂಡು ಕೂತೆ.

ಅರ್ಧ ಗಂಟೆ ಹೇಳಿದರು. ಮಿಕ್ಸಿ ತಳದಲ್ಲಿ ಹಲ್ಲು ಹಲ್ಲಾಗಿ ಒಂದು ಪ್ಲಾಸ್ಟಿಕ್ ಬಿಲ್ಲೆ ಇರುತ್ತದಲ್ಲ, ಅದೇ ಕಪ್ಲರ್. ಅದು ಮುರಿದರೆ ನಾವು ಕಂಪನಿಗೆ ಬೈಯುತ್ತೇವೆ. ಆದರೆ ಜಾರಿನಲ್ಲಿ ಏನೋ ಸಿಕ್ಕಿಕೊಂಡಾಗ ಮೊದಲು ಸಾಯಬೇಕಾದದ್ದು ಅದೇ. ಅದು ಸತ್ತರೆ ಮೋಟಾರು ಉಳಿಯುತ್ತದೆ. ಚಿಲ್ಲರೆ ದುಡ್ಡಿನ ಸಾಮಾನು, ಹತ್ತು ನಿಮಿಷದ ಕೆಲಸ. ಮೋಟಾರಿನೊಳಗೆ ಕರೆಂಟು ದಾಟಿಸುವ ಕಾರ್ಬನ್ ಬ್ರಷ್ಷೂ ಹಾಗೇ, ಸವೆಯಲಿಕ್ಕೇ ಇರುವುದು. ಜಾರಿನ ತಳದ ಬುಷ್ ಸಡಿಲವಾಗಿ ನೀರು ತೊಟ್ಟಿಕ್ಕಲು ಶುರುವಾದರೆ ಮಾತ್ರ ಒಂದು ದಿನವೂ ತಡ ಮಾಡಬಾರದು. ಆ ನೀರು ನೇರ ಮೋಟಾರಿಗೆ ಇಳಿಯುತ್ತದೆ. ನನ್ನ ಎರಡನೇ ಮಿಕ್ಸಿ ಹೋಗಿದ್ದು ಹಾಗೇ ಅಂತ ಆಗ ಅರ್ಥವಾಯ್ತು. ಜಾರಿನ ಕೆಳಗೆ ಬಟ್ಟೆ ಹಾಸಿಕೊಂಡು ಆರು ತಿಂಗಳು ರುಬ್ಬಿದ್ದೆ.

ಮೂರನೆಯದು ಸುಟ್ಟಿದ್ದು ಪೂರ್ತಿ ನನ್ನದೇ ತಪ್ಪು. ದಿನಾ ದೋಸೆ ಹಿಟ್ಟನ್ನು ಅದರಲ್ಲೇ ರುಬ್ಬುತ್ತಿದ್ದೆ. ಮಿಕ್ಸಿಯ ಮೋಟಾರು ಭಾರ ಇಲ್ಲದಾಗ ನಿಮಿಷಕ್ಕೆ ಸುಮಾರು 18,000 ಸುತ್ತು ತಿರುಗುತ್ತದೆ. ಚಟ್ನಿಗೆ, ಪುಡಿಗೆ ಅದು ಸರಿ. ಗಟ್ಟಿ ಹಿಟ್ಟಿನಲ್ಲಿ ಹತ್ತು ನಿಮಿಷ ಎಳೆಸಿದರೆ ಬಿಸಿಯಾಗಿ ಕೂರುತ್ತದೆ. ಗ್ರೈಂಡರಿನ ಮೋಟಾರು ಬೇರೆ ಜಾತಿ. ನಿಧಾನ, ಬ್ರಷ್ ಇಲ್ಲ, ಅರ್ಧ ಗಂಟೆ ಓಡಿದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹಾಗಾಗಿ ದುಬಾರಿ ಮಿಕ್ಸಿ ತರಬೇಕೆಂದಿದ್ದ ದುಡ್ಡಿನಲ್ಲಿ ಸಾಧಾರಣ 750 ವ್ಯಾಟಿನ ಮಿಕ್ಸಿ ತಂದೆ. ಸ್ವಲ್ಪ ಸೇರಿಸಿ ಎರಡು ಲೀಟರಿನ ಗ್ರೈಂಡರೂ ಬಂತು. ಆ ಮಿಕ್ಸಿಯನ್ನು ಆರಿಸಿದ್ದಕ್ಕೆ ಒಂದೇ ಕಾರಣ. ಅದರ ಕಪ್ಲರ್ ಮೂರು ಅಂಗಡಿಯಲ್ಲಿ ಕೇಳಿದೆ, ಮೂರರಲ್ಲೂ ಡ್ರಾಯರ್ ಎಳೆದು ತೆಗೆದುಕೊಟ್ಟರು. ಮಿಕ್ಸಿಯ ತಳದಲ್ಲಿ 14-6-17 ಅಂತಿದೆ. ಎರಡು ಕಪ್ಲರ್, ಒಂದು ಜೊತೆ ಬ್ರಷ್, ಒಂದು ಬುಷ್ ಕಂಡಿದೆ. ಗ್ರೈಂಡರಿಗೆ ಒಂದು ಸಲ ಬೆಲ್ಟ್ ಹಾಕಿಸಿದ್ದು ಬಿಟ್ಟರೆ ಏನೂ ಇಲ್ಲ.

ಅಲ್ಲಿಂದ ಇದೇ ನನ್ನ ಪದ್ಧತಿ ಆಯ್ತು. ಸಾಮಾನು ಎಷ್ಟು ಗಟ್ಟಿ ಅಂತ ಮಾರುವವರನ್ನು ಕೇಳುವುದಿಲ್ಲ. ಅದರಲ್ಲಿ ಮೊದಲು ಏನು ಹೋಗುತ್ತದೆ, ಹೋದರೆ ಆ ಭಾಗ ಇಲ್ಲಿ ಸಿಗುತ್ತದಾ ಅಂತ ರಿಪೇರಿ ಮಾಡುವವರನ್ನು ಕೇಳುತ್ತೇನೆ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿದೆ. ಸರ್ವಿಸ್ ಸೆಂಟರ್, ವಾರಂಟಿ ವಿಷಯ ನೋಡಲು ಒಳ್ಳೆಯದೇ. ಆದರೂ ಬಿಡಿ ಭಾಗದ ಡ್ರಾಯರ್ ಎಳೆದು ತೋರಿಸುವ ಅಂಗಡಿಯ ಮೇಲೇ ನನಗೆ ಜಾಸ್ತಿ ನಂಬಿಕೆ.

ಕುಕ್ಕರಿನಲ್ಲಿ ಈ ಪದ್ಧತಿ ಸುಲಭ. ಹೋಗುವುದು ಗ್ಯಾಸ್ಕೆಟ್, ಸೇಫ್ಟಿ ವಾಲ್ವ್, ಹಿಡಿಕೆಯ ಸ್ಕ್ರೂ. ಪಾತ್ರೆಗೆ ವಯಸ್ಸೇ ಆಗುವುದಿಲ್ಲ. ಐಎಸ್‌ಐ ಗುರುತು ಇಲ್ಲದ ಕುಕ್ಕರ್ ಮಾರುವಂತಿಲ್ಲ, 2021ರ ಫೆಬ್ರುವರಿಯಿಂದ ಅದು ಕಡ್ಡಾಯ. ಗುರುತಿನ ಮೇಲೆ ಐಎಸ್ 2347 ಅಂತ, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ನಂಬರ್ ಇರುತ್ತದೆ. ಆ ನಂಬರನ್ನು, ಈ ಗುರುತು ಕೊಡುವ ಸಂಸ್ಥೆಯದ್ದೇ ಆದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾರ ಲೈಸೆನ್ಸ್ ಅಂತ ಬರುತ್ತದೆ. ಅಂಗಡಿಯಲ್ಲೇ ನಿಂತು ಹಾಕಿ ನೋಡುತ್ತೇನೆ, ಸಂಕೋಚ ಏನೂ ಇಲ್ಲ. ವಾಲ್ವ್ ಮಾತ್ರ ಅದೇ ಕಂಪನಿಯದ್ದೇ ಹಾಕಿಸಬೇಕು. ಬಿಸಿ ಮಿತಿ ಮೀರಿದರೆ ಕರಗಲಿ ಅಂತಲೇ ಅದರೊಳಗೆ ಬೇಗ ಕರಗುವ ಲೋಹ ತುಂಬಿರುತ್ತಾರೆ. ಹತ್ತು ರೂಪಾಯಿ ಕಮ್ಮಿಗೆ ಸಿಗುವ ಯಾವುದೋ ವಾಲ್ವ್ ಎಷ್ಟು ಬಿಸಿಗೆ ಕರಗುತ್ತದೋ ಯಾರಿಗೆ ಗೊತ್ತು.

ಸ್ಟೀಲ್ ಪಾತ್ರೆಯಲ್ಲಿ ಒಮ್ಮೆ ಚೆನ್ನಾಗಿ ಬೇಸ್ತು ಬಿದ್ದೆ. ಮ್ಯಾಗ್ನೆಟ್ ಅಂಟದಿದ್ದರೆ ಒಳ್ಳೆ ಸ್ಟೀಲ್ ಅಂತ ಯಾರೋ ಹೇಳಿದ್ದರು. ಫ್ರಿಜ್ಜಿನ ಬಾಗಿಲಿನ ಗಣಪತಿ ಮ್ಯಾಗ್ನೆಟ್ಟನ್ನೇ ಪರ್ಸಿನಲ್ಲಿ ಹಾಕಿಕೊಂಡು ಹೋದೆ. ಅಂಟಲಿಲ್ಲ. ಖುಷಿಯಾಗಿ ಉಪ್ಪಿನ ಡಬ್ಬಿ, ಹುಣಸೆಹಣ್ಣಿನ ಡಬ್ಬಿ ತಂದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಉಪ್ಪಿನ ಡಬ್ಬಿಯ ತಳದಲ್ಲಿ ಕಂದು ಚುಕ್ಕಿ. ಆಮೇಲೆ ಗೊತ್ತಾಯ್ತು, 304 ನಂಬರಿನ ಸ್ಟೀಲಿಗೂ 202 ನಂಬರಿನದಕ್ಕೂ ಎರಡಕ್ಕೂ ಮ್ಯಾಗ್ನೆಟ್ ಸರಿಯಾಗಿ ಅಂಟುವುದಿಲ್ಲ. 304ರಲ್ಲಿ ಸುಮಾರು 18 ಪರ್ಸೆಂಟ್ ಕ್ರೋಮಿಯಂ, 8 ಪರ್ಸೆಂಟ್ ನಿಕಲ್ ಇರುತ್ತದೆ. 202ರಲ್ಲಿ ನಿಕಲ್ ಕಮ್ಮಿ ಮಾಡಿ ಆ ಜಾಗಕ್ಕೆ ಮ್ಯಾಂಗನೀಸ್ ಸೇರಿಸುತ್ತಾರೆ. ಅಗ್ಗ, ಆದರೆ ಉಪ್ಪು ಹುಳಿಗೆ ಬೇಗ ಸೋಲುತ್ತದೆ. ಈಗ ಉಪ್ಪು ಪಿಂಗಾಣಿ ಜಾಡಿಯಲ್ಲಿದೆ. ಗಣಪತಿ ವಾಪಸ್ ಫ್ರಿಜ್ಜಿನ ಮೇಲಿದ್ದಾನೆ.

ಇನ್ನು ಕಾವಲಿ. ನಾನ್‌ಸ್ಟಿಕ್ ಎರಡು ಹಾಳು ಮಾಡಿದ ಮೇಲೆ ಅತ್ತೆಯವರ ಹಳೆಯ ಬೀಡಿನ ಕಾವಲಿಯನ್ನು ಅಟ್ಟದಿಂದ ಇಳಿಸಿದೆ. ಸೌದೆ ಒಲೆಯಿದ್ದ ಕಾಲದ್ದು. ಮೇಲೆಲ್ಲ ಕೆಂಪು ತುಕ್ಕು. ‘ಎಸೆಯೋದಾ?’ ಅಂತ ಕೇಳಿದ್ದಕ್ಕೆ ಅತ್ತೆ ನನ್ನ ಮುಖವನ್ನೇ ನೋಡಿದರು. ಅವರೇ ಹಿತ್ತಲಲ್ಲಿ ಕೂತು ಇಟ್ಟಿಗೆ ಪುಡಿ, ತೆಂಗಿನ ಜುಂಗು ಹಾಕಿ ತಿಕ್ಕಿದರು. ಕಪ್ಪು ನೀರು, ಆಮೇಲೆ ಕೆಂಪು ನೀರು, ಕಡೆಗೆ ಬೂದು ಬಣ್ಣದ ಬರೀ ಕಬ್ಬಿಣ. ತಕ್ಷಣ ಒಲೆ ಮೇಲಿಟ್ಟು ತೇವ ಆರಿಸಿದರು. ಎಣ್ಣೆ ಸವರಿ, ಇನ್ನೊಂದು ಬಟ್ಟೆಯಲ್ಲಿ ಆ ಎಣ್ಣೆಯನ್ನೆಲ್ಲ ಒರೆಸಿಬಿಟ್ಟರು. ಒರೆಸಿದ ಮೇಲೆ ಉಳಿದ ಪಸೆಯಷ್ಟೇ ಸಾಕಂತೆ. ಹೊಗೆ ಬರುವ ತನಕ ಕಾಯಿಸಿ, ಆರಿಸಿ, ಮತ್ತೆ ಸವರಿ. ಹೀಗೆ ನಾಲ್ಕು ಸಲ.

ನಾನು ಮೊದಲು ಒಬ್ಬಳೇ ಪಳಗಿಸಲು ಹೋದಾಗ ಮಾಡಿದ ತಪ್ಪು ಅದೇ. ಜಾಸ್ತಿ ಎಣ್ಣೆ ಹಾಕಿದರೆ ಜಾಸ್ತಿ ಒಳ್ಳೆಯದು ಅಂದುಕೊಂಡೆ. ಮೇಲೆ ಅಂಟಂಟು ಮೇಣ ಕೂತಿತು. ಎಣ್ಣೆ ತೆಳ್ಳಗಿದ್ದರೆ ಮಾತ್ರ ಬಿಸಿಗೆ ಗಟ್ಟಿಯಾಗಿ ಕಬ್ಬಿಣಕ್ಕೆ ಹತ್ತಿಕೊಳ್ಳುತ್ತದೆ. ಮೊದಲ ವಾರ ದೋಸೆ ಹರಿದು ಚಿಂದಿ ಆಯ್ತು, ಮಕ್ಕಳು ಉಪ್ಪಿಟ್ಟು ಅಂತ ಹೆಸರಿಟ್ಟರು. ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜುತ್ತಾ ಹೋದೆ. ಮೂರನೇ ವಾರಕ್ಕೆ ಸಟ್ಟುಗ ತಾಗಿಸಿದರೆ ದೋಸೆ ತಾನೇ ಮೇಲೆದ್ದು ಬಂತು. ಆಮೇಲೆ ಒಂದು ದಿನ ಅದರಲ್ಲಿ ಟೊಮೆಟೊ ಹಾಕಿ ಪಲ್ಯ ಮಾಡಿದೆ. ಹುಳಿ ತಾಗಿ ಪದರ ಕಿತ್ತು ಬಂತು. ಮತ್ತೆ ಮೊದಲಿನಿಂದ.

ಆ ಹುಮ್ಮಸ್ಸಿನಲ್ಲಿ ಬೀಡಿನ ದೊಡ್ಡ ಬಾಣಲೆಯನ್ನೂ ಕೊಂಡೆ. ನೂರು ವರ್ಷ ಬಾಳುತ್ತದೆ ಅಂತ ಎಲ್ಲರಿಗೂ ಹೇಳಿಕೊಂಡು ಬಂದೆ. ಬಾಳಬಹುದು, ಯಾಕಂದ್ರೆ ಯಾರೂ ಅದನ್ನು ಎತ್ತುವುದಿಲ್ಲ. ಅತ್ತೆಗೆ ಮಣಿಕಟ್ಟು ನೋವು. ನನಗೂ ಒಂದು ಕೈಯಲ್ಲಿ ಬಗ್ಗಿಸಲು ಆಗದು. ಈಗ ಅಟ್ಟದಲ್ಲಿ, ಕಾವಲಿ ಇದ್ದ ಜಾಗದಲ್ಲೇ ಕೂತಿದೆ. ಅಂಗಡಿಯಲ್ಲಿ ನೀರು ತುಂಬಿಸಿ ಎತ್ತಿ ನೋಡಿದ್ದರೆ ತಿಳಿಯುತ್ತಿತ್ತು.

ಫ್ಯಾನಿನ ವಿಷಯದಲ್ಲಿ ಹೇಳುವುದು ಕಮ್ಮಿ. ನಿಧಾನ ಆಯ್ತು ಅಂತ ಎರಡು ಫ್ಯಾನ್ ಗುಜರಿಗೆ ಹಾಕಿದ್ದೆ. ಹೀಗಾದಾಗ ಸಾಮಾನ್ಯವಾಗಿ ಹೋಗಿರುವುದು 2.5 ಮೈಕ್ರೋಫ್ಯಾರಡಿನ ಕೆಪಾಸಿಟರ್ ಮಾತ್ರ, ಮೋಟಾರಿಗೆ ತಿರುಗುವ ಬಲ ಕೊಡುವ ಬೆರಳುದ್ದದ ಬಿಡಿ ಭಾಗ. ಈಗ ಮೊದಲು ಅದನ್ನು ಬದಲಿಸಲು ಎಲೆಕ್ಟ್ರಿಷಿಯನ್ನಿಗೆ ಹೇಳುತ್ತೇನೆ.

ಮಲೆನಾಡಿನವಳು ನಾನು, ಕೊಡೆಯ ಬಗ್ಗೆ ಹೇಳದಿದ್ದರೆ ಹೇಗೆ. ಜೂನ್ ಬಂತೆಂದರೆ ನಮ್ಮಲ್ಲಿ ಕೊಡೆ ಕೈಕಾಲು ಇದ್ದ ಹಾಗೆ. ಆದರೆ ನಾನು ಎಷ್ಟೋ ವರ್ಷ ಪ್ರತಿ ಜೂನಿಗೊಂದು ಮೂರು ಮಡಿಕೆಯ ಕೊಡೆ ಕೊಳ್ಳುತ್ತಿದ್ದೆ. ಆಗಸ್ಟಿನಷ್ಟು ಹೊತ್ತಿಗೆ ಒಂದು ಕಡೆ ರೆಕ್ಕೆ ಮುರಿದ ಕಾಗೆ ಥರ ಜೋತಾಡುತ್ತಿತ್ತು. ಮಳೆ ಶುರುವಾಗುವ ಹೊತ್ತಿಗೆ ಪೇಟೆಯ ಫುಟ್‌ಪಾತಿನಲ್ಲಿ ಒಬ್ಬರು ಅಜ್ಜ ಕೊಡೆ ರಿಪೇರಿಗೆ ಕೂರುತ್ತಿದ್ದರು. ಮುಂದೆ ಹಳೇ ಕಡ್ಡಿಗಳ ಕಟ್ಟು, ಒಂದು ಇಕ್ಕಳ, ದಾರದ ಉಂಡೆ, ಅಷ್ಟೇ. ಯಾವ ಕೊಡೆ ತಗೊಳ್ಳಲಿ ಅಂತ ಅವರನ್ನೇ ಕೇಳಿದೆ. ಬಾಯಲ್ಲಿ ಹೇಳಲಿಲ್ಲ. ನನ್ನ ಕೊಡೆಯ ಒಂದು ಕಡ್ಡಿಯನ್ನು ಬಿಡಿಸಿ, ಕೀಲುಗಳ ಮೇಲೆ ಒಂದೊಂದಾಗಿ ಉಗುರಿಟ್ಟು ಎಣಿಸಿದರು. ನಾಲ್ಕು ಕೀಲು. ಅಂಥ ಎಂಟು ಕಡ್ಡಿ. ‘ಮೂವತ್ತೆರಡು ಕಡೆ ಮುರೀಬಹುದು ಇದು’ ಅಂದರು. ಆಮೇಲೆ ತಮ್ಮದೇ ಉದ್ದ ಕೊಡೆ ಬಿಡಿಸಿದರು. ಕಡ್ಡಿಯ ನಡುವೆ ಒಂದೇ ಕೀಲು. ಎಂಟೇ ಕಡೆ.

ಇನ್ನೂ ಎರಡು ಜಾಗ ತೋರಿಸಿದರು. ಬಟ್ಟೆಯ ಮೂಲೆ ಕಡ್ಡಿಯ ತುದಿಗೆ ಸೇರುವಲ್ಲಿ ಹೊಲಿಗೆ ಇದೆಯಾ, ಇಲ್ಲಾ ಬರೀ ಪ್ಲಾಸ್ಟಿಕ್ ಟೋಪಿ ಸಿಕ್ಕಿಸಿದ್ದಾರಾ ನೋಡಬೇಕು. ಹೊಲಿಗೆ ಇದ್ದರೆ ಬಿಚ್ಚಿದರೂ ಮನೆಯಲ್ಲೇ ಹಾಕಿಕೊಳ್ಳಬಹುದು. ಆಮೇಲೆ ಕಡ್ಡಿಯನ್ನು ಬಟ್ಟೆಗೆ ನಡುವೆ ದಾರದಲ್ಲಿ ಕಟ್ಟಿರುತ್ತಾರೆ. ಆ ಕಟ್ಟು ಇಲ್ಲದಿದ್ದರೆ ಗಾಳಿಗೆ ಕಡ್ಡಿ ಒಂದು ದಾರಿ, ಬಟ್ಟೆ ಒಂದು ದಾರಿ. ಫೈಬರ್ ಕಡ್ಡಿ ಹೇಗೆ ಅಂತ ಕೇಳಿದೆ. ತುಕ್ಕು ಹಿಡಿಯಲ್ಲ, ಗಾಳಿಗೆ ಬಾಗಿ ಮತ್ತೆ ನೆಟ್ಟಗಾಗುತ್ತದೆ, ಆದರೆ ಸೀಳಿದರೆ ತನ್ನ ಕಟ್ಟಿನಲ್ಲಿ ಅದಕ್ಕೆ ಬದಲಿ ಕಡ್ಡಿ ಇಲ್ಲ ಅಂದರು. ನಾನು ಉಕ್ಕಿನ ಕಡ್ಡಿಯ ಉದ್ದ ಕಪ್ಪು ಕೊಡೆಯನ್ನೇ ತಂದೆ. ಮನೆಗೆ ಬಂದ ಕೂಡಲೇ ಮಡಚಿ ಮೂಲೆಗಿಡುವ ಅಭ್ಯಾಸ ಬಿಟ್ಟೆ. ಜಗಲಿಯಲ್ಲಿ ಬಿಚ್ಚಿಟ್ಟು ಒಣಗಿಸಿ, ತಿಂಗಳಿಗೊಮ್ಮೆ ಕೀಲಿಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಒಂದೊಂದು ಹನಿ ಬಿಡುತ್ತೇನೆ. ಮೊದಲು ಕೊಬ್ಬರಿ ಎಣ್ಣೆ ಬಿಟ್ಟು ನೋಡಿದ್ದೆ, ಜಿಗಿಟು ಕಟ್ಟಿ ಇನ್ನೂ ಕಷ್ಟ ಆಯ್ತು. ಈ ಕೊಡೆ ಏಳು ಮಳೆಗಾಲ ಕಂಡಿದೆ. ಎರಡು ಕಡ್ಡಿ ಅಜ್ಜ ಹಾಕಿಕೊಟ್ಟದ್ದು. ಹೋದ ವರ್ಷ ಅವರು ಆ ಜಾಗದಲ್ಲಿ ಕಾಣಲಿಲ್ಲ.

ಎಲ್ಲದಕ್ಕೂ ಹೀಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಬೆಳೆಯುವ ಮಕ್ಕಳ ಶೂ ಹತ್ತು ವರ್ಷ ಬಂದು ಏನಾಗಬೇಕು? ಬಚ್ಚಲಿನ ಮಗ್ಗಿಗೆ ಯಾವ ಪರೀಕ್ಷೆ? ನನ್ನ ಚಪ್ಪಲಿಗೆ ಮಾತ್ರ ಒಂದು ನಿಯಮ ಇದೆ. ಅಟ್ಟೆ ಬರೀ ಅಂಟಿಸಿದ್ದು ಬೇಡ, ಹೊಲಿದದ್ದು ಬೇಕು, ಬದಲಿಸಿ ಮತ್ತೆ ಹೊಲಿಸುವ ಹಾಗಿರಬೇಕು.

ಈ ಜೂನಿನಲ್ಲಿ ಮಗಳು ಕಾಲೇಜಿಗೆ ಮಂಗಳೂರಿಗೆ ಹೊರಟಳು. ಉದ್ದ ಕೊಡೆ ತೆಗೆದಿಟ್ಟೆ. ‘ಅಮ್ಮಾ, ಬಸ್ಸಲ್ಲಿ ಇದನ್ನು ಎಲ್ಲಿಡಲಿ, ಬ್ಯಾಗಲ್ಲಿ ಹಿಡಿಯಲ್ಲ’ ಅಂದಳು. ಮೂವತ್ತೆರಡು ಕೀಲಿನ ಲೆಕ್ಕ ಹೇಳಿದೆ. ಕೇಳಿದಳು, ತಲೆ ಆಡಿಸಿದಳು, ಆಮೇಲೂ ಮೂರು ಮಡಿಕೆಯದ್ದೇ ಬೇಕು ಅಂದಳು. ಅವಳು ಹೇಳುವುದೂ ಸರಿಯೇ, ಹಾಸ್ಟೆಲಿನಲ್ಲಿ ಮರೆತು ಬಂದ ಕೊಡೆ ಎಷ್ಟು ಗಟ್ಟಿ ಇದ್ದರೇನು. ಹೋಗಿ ತಂದುಕೊಟ್ಟೆ. ಕೊಡುವ ಮುಂಚೆ ಹಿಡಿಕೆಯ ತಳದಲ್ಲಿ ಮಾರ್ಕರಿನಿಂದ ತಾರೀಖು ಬರೆದೆ.

ತಿರುಗಿಸಿ ನೋಡಿದಳು. ‘ಇದೇನಮ್ಮಾ, ಎಕ್ಸ್‌ಪೈರಿ ಡೇಟಾ?’