ಕರೆಂಟ್ ಹೋದರೂ ಆಯಿ ಫೋನಿಗೆ ಸಿಗಬೇಕು

ಶಿರಸಿ ಕಡೆಯ ತೋಟದ ಮನೆಗಳಲ್ಲಿ ಈಗ ಅಪ್ಪಯ್ಯ, ಆಯಿ ಇಬ್ಬರೇ ಇರುವುದು ಜಾಸ್ತಿ. ಮಕ್ಕಳು ಬೆಂಗಳೂರಲ್ಲಿ. ನಮ್ಮ ಮನೆಯೂ ಹಾಗೇ. ಊರಿಗೆ ಹೋಗುವಾಗ ಹೊಸ ಸಾಮಾನು ಹೊತ್ತುಕೊಂಡು ಹೋಗುವ ಬದಲು, ಇರುವುದನ್ನೇ ಮಳೆಗಾಲಕ್ಕೆ ಮುಂಚೆ ಸರಿ ಮಾಡಿಟ್ಟು ಬನ್ನಿ.

ಮೊದಲು ವೈಫೈ. ನಮ್ಮಲ್ಲಿ ಮೊಬೈಲ್ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಮನೆಯೊಳಗೆ ಫೋನ್ ನಡೆಯುವುದು ಫೈಬರ್ ಇಂಟರ್‌ನೆಟ್ ಮೇಲೆ, ವೈಫೈ ಕಾಲಿಂಗ್‌ನಲ್ಲಿ, ಅಂದರೆ ಕಾಲ್ ಟವರಿನ ಬದಲು ವೈಫೈ ಮೂಲಕ ಹೋಗುತ್ತದೆ. ಕರೆಂಟ್ ಹೋದರೆ ರೌಟರ್ ಆಫ್, ಫೋನೂ ಇಲ್ಲ. ಹೋದ ಮಳೆಗಾಲದಲ್ಲಿ ಎರಡು ದಿನ ಆಯಿಯ ದನಿಯೇ ಕೇಳಲಿಲ್ಲ. ಕೊನೆಗೆ ಕೆಳಗಿನ ಮನೆಯವರು ಆ ಮಳೆಯಲ್ಲೇ ಗುಡ್ಡ ಹತ್ತಿ ಫೋನ್ ಮಾಡಿ, "ಇಬ್ಬರೂ ಆರಾಮಿದ್ದಾರೆ" ಅಂದ ಮೇಲೆ ನನಗೆ ಜೀವ ಬಂತು.

ರೌಟರಿಗೆ ಅಂತಲೇ ಮಿನಿ ಯುಪಿಎಸ್ ಸಿಗುತ್ತದೆ, ಕರೆಂಟ್ ಹೋದಾಗ ರೌಟರ್ ನಡೆಸುವ ಸಣ್ಣ ಬ್ಯಾಟರಿ ಪೆಟ್ಟಿಗೆ. ರೌಟರಿನ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ನೋಡಿಯೇ ತನ್ನಿ. ಹೆಚ್ಚಿನವು 12 ವೋಲ್ಟ್. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬಹುದು. ಇದು ಕೆಲವು ಗಂಟೆ ಬರುತ್ತದೆ ಅಷ್ಟೇ. ಅದಕ್ಕೇ ಈಗ ನಮ್ಮಲ್ಲಿ ಒಂದು ಕ್ರಮ ಇದೆ: ಕರೆಂಟ್ ಇಲ್ಲದ ದಿನ ರಾತ್ರಿ ಎಂಟಕ್ಕೆ ಯುಪಿಎಸ್ ಆನ್ ಮಾಡುವುದು, ಮಾತಾಡುವುದು, ಮತ್ತೆ ಆಫ್ ಮಾಡಿ ಬ್ಯಾಟರಿ ಉಳಿಸುವುದು.

ಗುಡುಗು ಶುರುವಾದರೂ ಈ ಯುಪಿಎಸ್ ಉಪಯೋಗಕ್ಕೆ ಬರುತ್ತದೆ. ರೌಟರ್ ಸುಡುವುದು ಹೆಚ್ಚಾಗಿ ಕರೆಂಟ್ ತಂತಿಯಲ್ಲಿ ಬರುವ ಸಿಡಿಲಿನ ಹೊಡೆತಕ್ಕೆ. ದೂರದಲ್ಲಿ ಗುಡುಗು ಕೇಳಿದ ಕೂಡಲೇ ಗೋಡೆಯ ಪ್ಲಗ್ ಕಿತ್ತಿಡಿ, ಬ್ಯಾಟರಿ ಮೇಲೆ ಫೋನ್ ನಡೆಯುತ್ತದೆ. ಸ್ವಿಚ್ ಆಫ್ ಮಾಡಿದರೆ ಸಾಲದು. ನಾನು ಆ ಪ್ಲಗ್ಗಿಗೆ ಕೆಂಪು ಟೇಪು ಸುತ್ತಿದ್ದೇನೆ, ಬಗ್ಗದೆ ಕೈಗೆ ಸಿಗುವ ಎತ್ತರಕ್ಕೆ ಪಾಯಿಂಟ್ ಹಾಕಿಸಿದ್ದೇನೆ.

ಬಚ್ಚಲುಮನೆಗೆ ಗೀಸರ್ ಬಂದಿದ್ದರೆ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇದೆಯಾ ನೋಡಿ. ಕರೆಂಟ್ ಸೋರಿದರೆ ತಟ್ಟನೆ ಲೈನ್ ಕಡಿಯುವುದು ಅದೇ. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ, ಅರ್ಥಿಂಗ್ ಕೂಡ ಪರೀಕ್ಷೆ ಮಾಡಿಸಿ. ಬಕೆಟ್ಟಿಗೆ ಹಾಕುವ ಹೀಟರ್ ರಾಡ್ ಮಾತ್ರ ದಯವಿಟ್ಟು ಮನೆಯಲ್ಲಿ ಇಡಬೇಡಿ.

ಆಮೇಲೆ ಫೋನ್. ಅಕ್ಷರ ದೊಡ್ಡದು ಮಾಡುವುದು ಎಲ್ಲರಿಗೂ ಗೊತ್ತು. ಆಯಿಯ ತೊಂದರೆ ಬೇರೆಯೇ ಇತ್ತು. ವರ್ಷಾನುಗಟ್ಟಲೆ ಅಡಿಕೆ ಸುಲಿದ ಬೆರಳು, ತುದಿ ಗಟ್ಟಿ. ಒಂದು ಸಲ ಮುಟ್ಟಿದರೆ ಸ್ಕ್ರೀನ್ ಕೇಳುವುದಿಲ್ಲ ಅಂತ ಅವಳು ಒತ್ತಿ ಹಿಡಿಯುತ್ತಿದ್ದಳು. ಒತ್ತಿ ಹಿಡಿದರೆ ಬೇರೇನೋ ತೆರೆಯುತ್ತದೆ, ಐಕಾನ್ ಜಾಗ ಬದಲಾಗುತ್ತದೆ. "ಫೋನ್ ಹಾಳಾಯ್ತು ತಮಾ" ಅಂತ ಹೆದರುತ್ತಿದ್ದಳು. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ, ಎಷ್ಟು ಹೊತ್ತು ಒತ್ತಿದರೆ ಅದು ಒತ್ತಿ ಹಿಡಿದಂತೆ ಅನ್ನುವುದನ್ನು ಬದಲಿಸಬಹುದು. ಅದನ್ನು ಜಾಸ್ತಿ ಮಾಡಿದೆ. ಈಗ ಹೋಮ್ ಸ್ಕ್ರೀನಿನಲ್ಲಿ ನಾಲ್ಕೇ ಮುಖ, ನನ್ನದು, ತಂಗಿಯದು, ಕುಮಟಾದ ಅತ್ತೆಯದು, ಕೆಳಗಿನ ಮನೆಯವರದು. ಮುಖ ಮುಟ್ಟಿದರೆ ಕಾಲ್ ಹೋಗುತ್ತದೆ.

ಮೋಸದ ಫೋನಿನ ಬಗ್ಗೆ ಹೆದರಿಸಬೇಡಿ. ಹೆದರಿದವರೇ ಬೇಗ ಸಿಕ್ಕಿಬೀಳುತ್ತಾರೆ. ಮೂರೇ ಮಾತು ಹೇಳಿ. ವೀಡಿಯೊ ಕಾಲ್‌ನಲ್ಲಿ ಯಾವ ಪೊಲೀಸರೂ ಅರೆಸ್ಟ್ ಮಾಡುವುದಿಲ್ಲ, ಡಿಜಿಟಲ್ ಅರೆಸ್ಟ್ ಅನ್ನುವುದು ಕಾನೂನಿನಲ್ಲೇ ಇಲ್ಲ. ನಮಗೆ ದುಡ್ಡು ಬರಬೇಕಾದರೆ ಯುಪಿಐ ಪಿನ್ ಹಾಕಬೇಕಾಗಿಲ್ಲ. ಅನುಮಾನ ಬಂದರೆ ಫೋನ್ ಇಟ್ಟುಬಿಡಿ, ಅದು ಮರ್ಯಾದೆಗೇಡಲ್ಲ. ದುಡ್ಡು ಹೋದರೆ ತಕ್ಷಣ 1930ಕ್ಕೆ ಫೋನ್. ಈ ನಂಬರ್, ಜೊತೆಗೆ ತುರ್ತಿಗೆ 112, ಗ್ಯಾಸ್ ಸೋರಿದರೆ 1906, ಮೂರನ್ನೂ ದಪ್ಪ ಅಕ್ಷರದಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ.

ವಾಪಸ್ ಹೊರಡುವ ಹಿಂದಿನ ದಿನ ಮೇನ್ ಸ್ವಿಚ್ ಆಫ್ ಮಾಡಿ, ನೀವು ಜಗಲಿಯಲ್ಲಿ ಸುಮ್ನೆ ಕುಳಿತುಕೊಳ್ಳಿ. ಆಯಿಯೇ ಯುಪಿಎಸ್ ಆನ್ ಮಾಡಲಿ, ರೌಟರಿನ ದೀಪ ಬರುವವರೆಗೆ ಕಾಯಲಿ, ಕುಮಟಾದ ಅತ್ತೆಗೆ ಫೋನ್ ಹಚ್ಚಲಿ. ತಡವಾದರೂ ನೀವು ಕೈ ಹಾಕಬೇಡಿ.