ಡ್ಯಾನ್ಯೂಬ್ ಹಡಗು ಹತ್ತುವವರಿಗೆ ಕೋಲಾರದ ಮೇಡಂ ಹೇಳುವ ಕಿವಿಮಾತು

ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ನೀವು ಯುರೋಪಿಗೆ ಹೋಗ್ತಿರೋದು ಊರು ನೋಡೋದಕ್ಕಾ, ಡ್ಯಾನ್ಯೂಬ್ ನದಿ ನೋಡೋದಕ್ಕಾ? ಊರು ನೋಡೋದಕ್ಕಾದರೆ ರೈಲಿದೆ, ಬಸ್ಸಿನ ಟೂರ್ ಇದೆ, ದುಡ್ಡೂ ಉಳಿಯುತ್ತೆ. ನದಿಯ ಆಸೆ ಇದ್ದವರಿಗೇ ಹಡಗು. ನನ್ನದು ಆ ಆಸೆ. ಕೋಲಾರ ಜಿಲ್ಲೆಯಲ್ಲಿ ಹುಟ್ಟಿ, ಇಲ್ಲೇ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ನಾನು. ಪಾಲಾರ್, ಪಿನಾಕಿನಿ ನಮ್ಮ ಸೀಮೆಯಲ್ಲೇ ಹುಟ್ಟುತ್ತವೆ ಅಂತ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸುತ್ತಿದ್ದೆ. ಅವುಗಳಲ್ಲಿ ನೀರು ತೋರಿಸೋದಕ್ಕೆ ಮಾತ್ರ ಒಳ್ಳೆ ಮಳೆ ವರ್ಷಕ್ಕೇ ಕಾಯಬೇಕಿತ್ತು.

ಗೈಡ್ ಇರುವ ಹಡಗಿನಲ್ಲಿ ಬೆಳಗಿಂದ ಸಂಜೆವರೆಗೆ ಕಾರ್ಯಕ್ರಮ ತುಂಬಿರುತ್ತೆ. ಕೊಟ್ಟ ದುಡ್ಡು ವಸೂಲಾಗಲಿ ಅಂತ ಎಲ್ಲಕ್ಕೂ ಓಡಿದರೆ, ಸಂಜೆ ಹಡಗು ಹೊರಡುವ ಹೊತ್ತಿಗೆ ಕಾಲು ಒತ್ತಿಕೊಂಡು ಮಲಗಿರ್ತೀರಿ, ನದಿ ತನ್ನ ಪಾಡಿಗೆ ಕಿಟಕಿಯಾಚೆ ಹೋಗಿರುತ್ತೆ. ಅರ್ಧಕ್ಕೆ ಹೋಗಿ, ಅರ್ಧ ಬಿಡಿ. ಯಾವುದನ್ನು ಬಿಡಬೇಕು ಅಂತ ಮುಂದೆ ಹೇಳ್ತೀನಿ.

ದಾರಿ ಆರಿಸುವಾಗ ನನ್ನ ಓಟು ಹಂಗೇರಿಯ ಬುಡಾಪೆಸ್ಟ್‌ನಿಂದ ಜರ್ಮನಿಯ ಪಸಾವ್‌ಗೆ, ಅಂದರೆ ಹರಿವಿನ ಎದುರು. ಇದೇ ದಾರಿ ಪಸಾವ್‌ನಿಂದ ಕೆಳಮುಖವಾಗಿಯೂ ಸಿಗುತ್ತೆ. ಎದುರು ಹೋಗುವ ಹಡಗು ನಿಧಾನ, ಹಾಗಾಗಿ ನೀರಿನ ಮೇಲೆ ಕಳೆಯುವ ಹೊತ್ತು ಜಾಸ್ತಿ. ನ್ಯೂರೆಂಬರ್ಗ್‌ವರೆಗೂ ಹೋಗುವ ಪ್ಯಾಕೇಜ್ ನೋಡೋದಕ್ಕೆ ಆಕರ್ಷಕ. ಆದರೆ ಪಸಾವ್ ದಾಟಿದ ಮೇಲೆ ವಿಲ್ಸ್‌ಹೋಫನ್‌ನಿಂದ ಸ್ಟ್ರಾಬಿಂಗ್‌ವರೆಗೆ ಅಣೆಕಟ್ಟಿಲ್ಲ, ನೀರು ಕಡಿಮೆಯಾದ ವರ್ಷ ಹಡಗಿಗೆ ತಳ ತಾಗುವಷ್ಟು ಆಳ ಇಳಿಯುತ್ತೆ. ಆಗ ನಿಮ್ಮನ್ನು ಬಸ್ಸಿಗೆ ಹತ್ತಿಸಿ, ಆಚೆ ಕಡೆ ಇನ್ನೊಂದು ಹಡಗಿಗೆ ಸೇರಿಸ್ತಾರೆ. ಹಾಗೆ ಆದರೆ ಏನು ಪರಿಹಾರ ಅಂತ ಬುಕಿಂಗ್‌ಗೆ ಮುಂಚೆ ಲಿಖಿತವಾಗಿ ಕೇಳಿ. ಬಾಯಿಮಾತಿಗೆ ಬೆಲೆ ಇಲ್ಲ.

ವೀಸಾ ದೊಡ್ಡ ಕಥೆಯೇನಲ್ಲ, ಕಾಗದ ಸರಿಯಿದ್ದರೆ. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ಷೆಂಗೆನ್ ದೇಶಗಳಲ್ಲಿ ಎಲ್ಲಿ ಹೆಚ್ಚು ದಿನ ಇರ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಈ ದಾರಿಯಲ್ಲಿ ಅದು ಸಾಮಾನ್ಯವಾಗಿ ಆಸ್ಟ್ರಿಯಾ, ಆದರೂ ಹಡಗಿನ ವೇಳಾಪಟ್ಟಿ ಇಟ್ಟುಕೊಂಡು ಎಣಿಸಿ ನೋಡಿ. ಬೆರಳಚ್ಚಿಗೆ ಬೆಂಗಳೂರಿಗೆ ಹೋಗಬೇಕು. ಶುಲ್ಕ 90 ಯೂರೊ, ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಪ್ರವಾಸಕ್ಕೆ ಆರು ತಿಂಗಳ ಮುಂಚೆಯಿಂದಲೇ ಅರ್ಜಿ ತೊಗೊಳ್ತಾರೆ. ಟೂರ್ ದುಡ್ಡು ಕಟ್ಟುವಾಗ ಟಿಸಿಎಸ್ ಅಂತ ಮುಂಗಡವಾಗಿ ಹಿಡಿದ ತೆರಿಗೆಯನ್ನು ರಿಟರ್ನ್ಸ್ ಹಾಕುವಾಗ ಲೆಕ್ಕಕ್ಕೆ ತೊಗೊಳ್ಳೋದು ಮರೀಬೇಡಿ. ಪೆನ್ಶನ್‌ದಾರರು ಎಷ್ಟೋ ಜನ ಅದನ್ನು ಹಾಗೇ ಬಿಡ್ತಾರೆ. ಹಂಗೇರಿಯ ಕರೆನ್ಸಿ ಫೋರಿಂಟ್, ಮಿಕ್ಕ ಕಡೆ ಯೂರೊ. ಶೌಚಾಲಯಕ್ಕೆ ಚಿಲ್ಲರೆ ನಾಣ್ಯ ಇಟ್ಟುಕೊಂಡಿರಿ.

ಕ್ಯಾಬಿನ್ ವಿಷಯದಲ್ಲಿ ಏಜೆಂಟರು ಬಾಲ್ಕನಿ ಬಾಲ್ಕನಿ ಅಂತ ಜಪ ಮಾಡ್ತಾರೆ. 'ಫ್ರೆಂಚ್ ಬಾಲ್ಕನಿ' ಅಂದರೆ ಜಾರುವ ಗಾಜಿನ ಬಾಗಿಲು, ಅದರ ಮುಂದೆ ಒಂದು ಕಂಬಿ, ಅಷ್ಟೇ. ಕುರ್ಚಿ ಹಾಕೋದಕ್ಕೆ ಜಾಗ ಇರಲ್ಲ. ದಡದಲ್ಲಿ ಜಾಗ ಸಾಲದೆ ಹಡಗುಗಳನ್ನು ಒಂದರ ಪಕ್ಕ ಒಂದು ಅಂಟಿಸಿ ನಿಲ್ಲಿಸುತ್ತಾರೆ, ಪಕ್ಕದ ಹಡಗಿನ ಲಾಬಿ ದಾಟಿ ಊರಿಗೆ ಇಳೀಬೇಕು. ಒಂದು ಬೆಳಿಗ್ಗೆ ಪರದೆ ಸರಿಸಿದರೆ ಒಂದು ಮಾರು ದೂರದಲ್ಲಿ ಆ ಹಡಗಿನ ತಾತ ಬನಿಯನ್ನಿನಲ್ಲಿ ನಿಂತು ಕಾಫಿ ಕುಡೀತಾ ಇದ್ದರು. ಅವರು ಕೈ ಬೀಸಿದರು, ನಮ್ಮೆಜಮಾನ್ರೂ ಬೀಸಿದರು. ಈ ದರ್ಶನಕ್ಕೆ ಬಾಲ್ಕನಿ ರೇಟು ಕೊಡಬೇಕಾಗಿಲ್ಲ. ಕೆಳಗಿನ ಡೆಕ್ಕಿನಲ್ಲಿ ಕಿಟಕಿ ಚಿಕ್ಕದು, ತೆಗೆಯೋದಕ್ಕೂ ಬರಲ್ಲ, ಆದರೆ ಬೆಲೆ ಬಹಳ ಕಡಿಮೆ. ಹಗಲೆಲ್ಲ ಮೇಲಿನ ಡೆಕ್ಕಿನಲ್ಲೇ ಇರೋರಿಗೆ ಅದು ಸಾಕು. ಹಿಂಭಾಗದ ಕ್ಯಾಬಿನ್ ಮಾತ್ರ ಬೇಡ ಅನ್ನಿ, ಎಂಜಿನ್ ಸದ್ದು ಅಲ್ಲೇ ಜಾಸ್ತಿ. ಊಟದ ಜೊತೆ ವೈನು, ಬಿಯರು ಸೇರಿಸಿ ಬೆಲೆ ಹಾಕಿರೋ ಪ್ಯಾಕೇಜನ್ನು ಕುಡಿಯದವರು ಯಾಕೆ ತೊಗೋಬೇಕೋ ನನಗೆ ಅರ್ಥವಾಗಿಲ್ಲ.

ಸಸ್ಯಾಹಾರಿಗಳು ಬುಕಿಂಗ್ ದಿನವೇ ಬರೆದು ಕೊಡಿ, ಮೊಟ್ಟೆ ಆಗುತ್ತಾ ಇಲ್ಲವಾ ಅನ್ನೋದನ್ನೂ ಸೇರಿಸಿ. ಬರೀ 'ವೆಜ್' ಅಂದರೆ ಮೊಟ್ಟೆ ಖಂಡಿತ ಬರುತ್ತೆ. ವಿಯೆನ್ನಾದಲ್ಲಿ ಎಲ್ಲರೂ ಹೊಗಳುವ ಕೈಸರ್‌ಶ್ಮಾರ್ನ್ ತಿಂಡಿಯಲ್ಲೂ ಮೊಟ್ಟೆಯೇ ಬಂಡವಾಳ. ಕ್ಯಾಬಿನ್ನಿನಲ್ಲಿ ನೀರು ಕಾಯಿಸುವ ಕಾಯಿಲ್‌ಗೆ ಅನುಮತಿ ಇಲ್ಲ. ಲೌಂಜಿನ ಕಾಫಿ ಮಷೀನಿನಲ್ಲಿ ಬಿಸಿನೀರು ಸಿಗುತ್ತೆ, ರಾಗಿ ಹುರಿಹಿಟ್ಟು ಕಲಸೋದಕ್ಕೆ ಅಷ್ಟು ಸಾಕು. ತುಪ್ಪ, ಹಾಲಿನ ಪೇಡ, ಹಸಿ ಕರಿಬೇವು ಬೇಡ. ಹಾಲು-ಮಾಂಸದ ಪದಾರ್ಥಗಳನ್ನು ಯುರೋಪಿಯನ್ ಯೂನಿಯನ್ ಒಳಗೆ ಬಿಡಲ್ಲ, ಸೊಪ್ಪಿಗೆ ಸರ್ಟಿಫಿಕೇಟ್ ಕೇಳುತ್ತೆ. ತಮಾಷೆ ಅಂದರೆ ತೆಂಗಿನಕಾಯಿಗೆ ಅವರು ವಿನಾಯಿತಿ ಕೊಟ್ಟಿದ್ದಾರೆ. ಆದರೆ ಒಣ ಕೊಬ್ಬರಿ ಲಗೇಜಿನಲ್ಲಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತೆಗೆಸ್ತಾರೆ, ಎಣ್ಣೆಯಂಶಕ್ಕೆ ಬೆಂಕಿ ಹಿಡಿಯುತ್ತೆ ಅಂತ. ಚಟ್ನಿಪುಡಿಗೆ ಏನೂ ತೊಂದರೆಯಾಗಲಿಲ್ಲ.

ಈಗ ಮುಖ್ಯ ವಿಷಯ, ಲಾಕ್, ಅಂದರೆ ಹಡಗನ್ನು ಅಣೆಕಟ್ಟು ದಾಟಿಸುವ ತೊಟ್ಟಿ. ಬುಡಾಪೆಸ್ಟ್‌ನಿಂದ ಪಸಾವ್‌ವರೆಗೆ ಹನ್ನೊಂದು ಲಾಕ್ ಸಿಗುತ್ತವೆ. ನಮ್ಮ ತಾತ ಮುಳಬಾಗಿಲು ಕಡೆ ಒಂದು ಕೆರೆಗೆ ನೀರುಗಂಟಿಯಾಗಿದ್ದರು, ತೂಬು ಎತ್ತಿ ಗದ್ದೆಗೆ ನೀರು ಬಿಡೋದು ಅವರ ಕೆಲಸ. ಲಾಕ್ ಅಂದರೆ ಆ ತೂಬಿನ ದೊಡ್ಡಣ್ಣ ಅಂದುಕೊಳ್ಳಿ. ಹಡಗು ಉದ್ದನೆ ಕಾಂಕ್ರೀಟ್ ತೊಟ್ಟಿಯೊಳಕ್ಕೆ ಹೋಗುತ್ತೆ, ಹಿಂದಿನ ಬಾಗಿಲು ಮುಚ್ಚುತ್ತೆ. ಅಣೆಕಟ್ಟಿನ ಮೇಲ್ಗಡೆ ನಿಂತ ನೀರನ್ನು ತಳದ ಕಿಂಡಿಗಳಿಂದ ತೊಟ್ಟಿಗೆ ಬಿಡ್ತಾರೆ. ಪಂಪಿಲ್ಲ, ಮೋಟಾರಿನಿಂದ ಎತ್ತೋದಿಲ್ಲ. ನೀರು ತನ್ನ ಮಟ್ಟ ಹುಡುಕಿಕೊಂಡು ಏರುತ್ತೆ, ಅದರ ಜೊತೆ 135 ಮೀಟರ್ ಉದ್ದದ ಹಡಗೂ ಏರುತ್ತೆ. ಎಂಟನೇ ಕ್ಲಾಸಿನಲ್ಲಿ ಗಾಜಿನ ಕೊಳವೆ ಹಿಡಿದು ತೋರಿಸಿದ ಪಾಠ, ಅಷ್ಟೇ.

ನೋಡಬೇಕಾದರೆ ಡೆಕ್ಕಿನ ಮುಂಭಾಗಕ್ಕೆ ಹೋಗಿ, ಗೋಡೆ ಪಕ್ಕದ ಬದಿಯಲ್ಲಿ ನಿಂತುಕೊಳ್ಳಿ. ಒಳಗೆ ಹೋದಾಗ ಪಾಚಿ ಹಿಡಿದ ಒದ್ದೆ ಗೋಡೆ ತಲೆ ಮೇಲೆ ಎದ್ದು ನಿಂತಿರುತ್ತೆ, ತಣ್ಣನೆ ಮಣ್ಣಿನ ವಾಸನೆ. ಗೋಡೆಯ ಗೂಡುಗಳಲ್ಲಿ ಒಂದರ ಮೇಲೊಂದು ಕಬ್ಬಿಣದ ಗೂಟಗಳಿವೆ. ನಾನು ನಿಂತ ಕಡೆ ಒಬ್ಬ ಹುಡುಗ ಕೈಗವಸು ಹಾಕಿಕೊಂಡು ಹಗ್ಗದ ಕುಣಿಕೆಯನ್ನು ಕೆಳಗಿನ ಗೂಟದಿಂದ ಬಿಡಿಸಿ ಮೇಲಿನದಕ್ಕೆ ಸಿಕ್ಕಿಸ್ತಿದ್ದ. ಹಡಗು ಏರಿದಂಗೆಲ್ಲ ಮತ್ತೆ ಬಿಡಿಸೋದು, ಮತ್ತೆ ಸಿಕ್ಕಿಸೋದು. ಸ್ವಲ್ಪ ಹೊತ್ತಿನಲ್ಲಿ ಗೋಡೆ ಸೊಂಟದ ಮಟ್ಟಕ್ಕೆ ಬಂದು, ಆಚೆ ಕಡೆ ಸೈಕಲ್ ನಿಲ್ಲಿಸಿಕೊಂಡು ನಮ್ಮನ್ನೇ ನೋಡ್ತಿದ್ದ ಹೆಂಗಸಿನ ಮುಖಕ್ಕೆ ಮುಖ ಆದೆವು. ಎಷ್ಟೋ ಲಾಕ್‌ಗಳು ರಾತ್ರಿ ಬರುತ್ತವೆ. ಯಾವುದು ಎಷ್ಟು ಹೊತ್ತಿಗೆ ಅಂತ ರಿಸೆಪ್ಷನ್ನಿನಲ್ಲಿ ಕೇಳಿ ಅಲಾರಂ ಇಟ್ಟುಕೊಳ್ಳಿ, ಸ್ವೆಟರ್ ಹಾಕಿಕೊಂಡು ಹೋಗಿ.

ಒಂದನ್ನಂತೂ ಬಿಡಲೇಬೇಡಿ: ಸ್ಲೊವಾಕಿಯಾದ ಗಬ್ಚಿಕೊವೊ. ಇಲ್ಲಿ ಹಡಗು ಸುಮಾರು 20 ಮೀಟರ್ ಏರುತ್ತೆ. ಕಾವೇರಿ, ಕೃಷ್ಣಾ ಅಂತ ಕೇಳಿ ಬೆಳೆದ ನಮಗೆ ಇದರ ಕಥೆ ಚೆನ್ನಾಗಿ ಅರ್ಥವಾಗುತ್ತೆ. 1977ರಲ್ಲಿ ಹಂಗೇರಿ, ಚೆಕೊಸ್ಲೊವಾಕಿಯಾ ಸೇರಿ ಅಣೆಕಟ್ಟುಗಳಿಗೆ ಒಪ್ಪಂದ ಮಾಡಿಕೊಂಡವು. 1989ರಲ್ಲಿ ಹಂಗೇರಿ ಕೆಲಸ ನಿಲ್ಲಿಸಿತು. ಆಚೆಯವರು 1992ರಲ್ಲಿ ನದಿಯನ್ನೇ ತಮ್ಮ ಕಾಲುವೆಗೆ ತಿರುಗಿಸಿದರು. ಜಗಳ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ 1997ರಲ್ಲಿ ತೀರ್ಪು ಬಂತು: ಇಬ್ಬರದ್ದೂ ತಪ್ಪು, ಕೂತು ಮಾತಾಡಿ. ನಮ್ಮ ಗೈಡ್ ಇದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಆ ಹೊತ್ತಿಗೆ ಲೌಂಜಿನಲ್ಲಿ ಕೇಕು ಕೊಡ್ತಾ ಇದ್ದರು. ಅಲ್ಲಿಂದ ಮುಂದೆ ವಿಯೆನ್ನಾದ ಕಡೆಗೆ ದಡದಲ್ಲಿ ದಟ್ಟ ಕಾಡು ಕಾಣುತ್ತೆ. 1984ರ ಡಿಸೆಂಬರ್ ಚಳಿಯಲ್ಲಿ ಸಾವಿರಾರು ಜನ ಹೈನ್‌ಬುರ್ಗ್ ಹತ್ತಿರ ಆ ಕಾಡಿನಲ್ಲೇ ಬೀಡು ಬಿಟ್ಟು ವಿದ್ಯುತ್ ಅಣೆಕಟ್ಟು ನಿಲ್ಲಿಸಿದ್ದರಿಂದ ಅದು ಉಳಿದಿದೆ. 1996ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು.

ಇನ್ನು ಗೈಡ್ ಜೊತೆ ಎಲ್ಲಿ ಹೋಗಬೇಕು, ಎಲ್ಲಿ ಬೇಡ. ಆಸ್ಟ್ರಿಯಾದ ಮೆಲ್ಕ್ ಊರಿನ ಕ್ರೈಸ್ತ ಮಠಕ್ಕೆ ಹೋಗಿ. ವಿವರಿಸುವವರಿಲ್ಲದಿದ್ದರೆ ಬರೀ ಚಿನ್ನದ ಬಣ್ಣ ನೋಡಿಕೊಂಡು ಬರ್ತೀರಿ. ಬುಡಾಪೆಸ್ಟ್‌ಗೂ ಹೋಗಿ, ಊರು ದೊಡ್ಡದು. ಸ್ಲೊವಾಕಿಯಾದ ಬ್ರಾಟಿಸ್ಲಾವಾದಲ್ಲಿ ಹಳೇ ಊರು ಹಡಗುಕಟ್ಟೆಯಿಂದ ನಡೆಯುವ ದೂರ, ನಿಮ್ಮಷ್ಟಕ್ಕೆ ನೀವೇ ಸುತ್ತಿ. ವಿಯೆನ್ನಾದಲ್ಲಿ ಬಸ್ ಟೂರ್ ಬಿಡಿ: ಹಡಗು ನಿಲ್ಲುವುದು ರೈಷ್‌ಬ್ರುಕೆ ಸೇತುವೆ ಹತ್ತಿರ ಆದರೆ, ಪಕ್ಕದಲ್ಲೇ ಫೋರ್‌ಗಾರ್ಟನ್‌ಸ್ಟ್ರಾಸೆ ಮೆಟ್ರೊ ಇದೆ. ಯು1 ಲೈನ್ ಹತ್ತಿದರೆ ನಾಲ್ಕನೇ ಸ್ಟಾಪು ಸ್ಟೆಫಾನ್ಸ್‌ಪ್ಲಾಟ್ಸ್, ಮೆಟ್ಟಿಲು ಹತ್ತಿ ಮೇಲೆ ಬಂದರೆ ಎದುರಿಗೇ ದೊಡ್ಡ ಚರ್ಚು. ನಮ್ಮ ನಾದಿನಿಗೆ ಬಸ್ಸಿನ ಮೇಲೇ ನಂಬಿಕೆ, ಅವಳು ಟ್ರಾಫಿಕ್ಕಿನಲ್ಲಿ ಕೂತಿದ್ದಾಗ ನಾವು ಕಾಫಿ ಮುಗಿಸಿದ್ದೆವು.

ಗೈಡ್ ಮಾತು ಕೇಳೋದಕ್ಕೆ ಕಿವಿಗೊಂದು ಯಂತ್ರ ಕೊಡ್ತಾರೆ, ರಾತ್ರಿಯೇ ಚಾರ್ಜಿಗೆ ಹಾಕಿ. ಕಿವಿಯಲ್ಲಿ ಗೊರಗೊರ ಅಂದರೆ ಗುಂಪು ಬಿಟ್ಟು ದೂರ ಬಂದಿದ್ದೀರಿ ಅಂತ. ಮಂಡಿನೋವು ಇರೋರು ನಿಧಾನ ನಡೆಯುವ ಗುಂಪಿಗೆ ಹೆಸರು ಕೊಡಿ, ಸಂಕೋಚ ಬೇಡ. ಬೀದಿಗೆಲ್ಲ ಕಲ್ಲು ಹಾಸಿರೋದರಿಂದ ದಪ್ಪ ಅಟ್ಟೆಯ ಶೂ ಬೇಕು. ಸೀರೆ ಉಡೋರು ಒಂದಿಂಚು ಮೇಲೆತ್ತಿ ಉಡಿ.

ವಾಖಾವು ಕಣಿವೆಯ ದಿನ ಮಾತ್ರ ಯಾವ ಕಾರ್ಯಕ್ರಮವೂ ಬೇಡ. ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ಈ ಭಾಗದಲ್ಲಿ ಅಣೆಕಟ್ಟಿಲ್ಲ, ನದಿ ಓಡುತ್ತೆ. ಎರಡೂ ಕಡೆ ಗುಡ್ಡಕ್ಕೆ ಗಾರೆ ಇಲ್ಲದೆ ಕಲ್ಲು ಜೋಡಿಸಿ ಕಟ್ಟಿದ ಮೆಟ್ಟಿಲುಗಳಲ್ಲಿ ದ್ರಾಕ್ಷಿ, ಕೆಳಗೆ ಏಪ್ರಿಕಾಟ್ ತೋಟ. 2000ದಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಡ್ಯೂರ್ನ್‌ಸ್ಟೈನ್ ಮೇಲಿನ ಪಾಳು ಕೋಟೆಯಲ್ಲಿ ಇಂಗ್ಲೆಂಡಿನ ರಾಜ ರಿಚರ್ಡ್‌ನನ್ನು ಸೆರೆ ಇಟ್ಟಿದ್ದರು. ಡೆಕ್ಕಿನಲ್ಲಿ ಎಡಗಡೆ ಬಲಗಡೆ ಅಂತ ಜಾಗ ಬದಲಾಯಿಸ್ತಾ ಇರಿ. ತಗ್ಗಿನ ಸೇತುವೆ ಬಂದಾಗ ಕೂರಿ ಅಂತಾರೆ, ಕೂತುಬಿಡಿ. ಸೇತುವೆಗೆ ತಾಗದಿರಲಿ ಅಂತ ಕ್ಯಾಪ್ಟನ್ನಿನ ಕೋಣೆಯೇ ಒಳಕ್ಕೆ ಇಳಿಯುತ್ತೆ.

ಪಸಾವ್‌ನಲ್ಲಿ ಡ್ಯಾನ್ಯೂಬ್, ಇನ್, ಇಲ್ಟ್ಸ್ ಮೂರೂ ಸೇರುವ ತುದಿಗೆ ನಡೆದು ಹೋಗಿ. ಇನ್ ಹಸಿರು, ಇಲ್ಟ್ಸ್ ಕಪ್ಪು, ಗೆರೆ ಬರಿಗಣ್ಣಿಗೆ ಗೊತ್ತಾಗುತ್ತೆ. ಪುರಸಭೆ ಕಟ್ಟಡದ ಗೋಡೆ ಮೇಲೆ ಪ್ರತಿ ಪ್ರವಾಹದ ಮಟ್ಟ ಗುರುತಿಸಿದ್ದಾರೆ. 2013ರ ಗೆರೆ ನನ್ನ ತಲೆಗಿಂತ ಎಷ್ಟೋ ಮೇಲಿತ್ತು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ವಾರದ ದಿನಗಳಲ್ಲಿ ಮಧ್ಯಾಹ್ನ ದೊಡ್ಡ ಚರ್ಚಿನಲ್ಲಿ ಆರ್ಗನ್ ನುಡಿಸ್ತಾರೆ, 17,000ಕ್ಕೂ ಮೀರಿ ಕೊಳವೆಗಳ ವಾದ್ಯ. ಬೇಗ ಹೋಗಿ ಜಾಗ ಹಿಡಿಯಿರಿ.

ಕೊನೆ ದಿನ ಟಿಪ್ಸ್ ಕವರ್ ಕ್ಯಾಬಿನ್ನಿಗೇ ಬರುತ್ತೆ. ಪ್ಯಾಕೇಜಿನಲ್ಲಿ ಸೇರಿದೆಯಾ ಅಂತ ಮೊದಲೇ ನೋಡಿಕೊಳ್ಳಿ, ಸೇರಿದ್ದರೆ ಎರಡು ಸಲ ಕೊಡಬೇಕಾಗಿಲ್ಲ. ಪೆಟ್ಟಿಗೆಗಳನ್ನು ಬೆಳಿಗ್ಗೆ ಬೇಗ ಬಾಗಿಲಾಚೆ ಇಡೋದಕ್ಕೆ ಹೇಳ್ತಾರೆ. ಬಿಪಿ ಮಾತ್ರೆ, ಪಾಸ್‌ಪೋರ್ಟ್, ಕನ್ನಡಕ ಕೈಚೀಲದಲ್ಲೇ ಇರಲಿ, ಪೆಟ್ಟಿಗೆ ಮತ್ತೆ ನಿಮ್ಮ ಕೈಗೆ ಸಿಗೋದು ಬಸ್ ಇಳಿದ ಮೇಲೆ.