‘ಯಾರ ಕಡೆಯವರು?’: ಹಾಸನದಲ್ಲಿ ಬಾಡಿಗೆ ಮನೆ ಹಿಡಿಯುವ ಮೊದಲು ಹೊಂದಿಸಿಕೊಳ್ಳಬೇಕಾದ ಕಾಗದಗಳು

ಸಾಲಗಾಮೆ ರಸ್ತೆಯಲ್ಲೋ ವಿದ್ಯಾನಗರದಲ್ಲೋ ‘ಮನೆ ಬಾಡಿಗೆಗಿದೆ’ ಬೋರ್ಡ್ ನೋಡಿ ಫೋನ್ ಮಾಡಿದರೆ, ಬಾಡಿಗೆ ಎಷ್ಟು ಎಂದು ನೀವು ಕೇಳುವ ಮೊದಲೇ ಆ ಕಡೆಯಿಂದ ಎರಡು ಪ್ರಶ್ನೆ ಬರುತ್ತವೆ: ಎಲ್ಲಿ ಕೆಲಸ? ಯಾರ ಕಡೆಯವರು? ಊರಿನವರಾದರೆ ಒಂದು ಹೆಸರು ಹೇಳಿದರೆ ಮುಗಿಯಿತು. ಹಿಮ್ಸ್ ವೈದ್ಯಕೀಯ ಕಾಲೇಜಿಗೋ ಇಸ್ರೋದ ಎಂಸಿಎಫ್ ಕೇಂದ್ರಕ್ಕೋ ಕೈಗಾರಿಕಾ ಪ್ರದೇಶದ ಕಾರ್ಖಾನೆಗೋ ಹೊರಗಿನಿಂದ ಬಂದವರು ಅದೇ ಉತ್ತರವನ್ನು ಕಾಗದದಲ್ಲಿ ಕೊಡಬೇಕು. ಮನೆ ನೋಡಲು ಹೋಗುವಾಗಲೇ ಫೈಲ್ ಕೈಯಲ್ಲಿರಲಿ. ‘ನಾಳೆ ತಂದುಕೊಡ್ತೀನಿ’ ಅಂದ ಮನೆ ನಾಳೆಗೆ ಉಳಿದಿರುವುದಿಲ್ಲ.

ಫೈಲ್‌ನಲ್ಲಿ ಮೊದಲು ಇರಬೇಕಾದದ್ದು ಕೆಲಸದ ಪತ್ರ. ಕಚೇರಿಯ ಲೆಟರ್‌ಹೆಡ್‌ನಲ್ಲಿ ನಿಮ್ಮ ಹೆಸರು, ಹುದ್ದೆ, ಸೇರಿದ ದಿನಾಂಕ, ಕೆಲಸ ಮಾಡುವ ಜಾಗ, ಸಹಿ ಮಾಡಿದವರ ಹೆಸರು ಮತ್ತು ಕಚೇರಿಯ ಫೋನ್ ನಂಬರ್ ಇರಬೇಕು. ಸಂಬಳ ಬರೆಸುವ ಅಗತ್ಯವಿಲ್ಲ. ಕೇಳಿದರೆ ಮೂರು ತಿಂಗಳ ಸಂಬಳ ಚೀಟಿ ತೋರಿಸಿ, ಖಾತೆ ಸಂಖ್ಯೆ ಮುಚ್ಚಿ. ಗುತ್ತಿಗೆ ನೌಕರರು ಇಲ್ಲೇ ಎಡವುವುದು. ಬೆಂಗಳೂರಿನ ಯಾವುದೋ ಏಜೆನ್ಸಿಯ ಪತ್ರ ಇಲ್ಲಿನ ಮಾಲೀಕರಿಗೆ ಏನೂ ಹೇಳುವುದಿಲ್ಲ. ಅದರ ಜೊತೆಗೆ ನೀವು ದಿನಾ ಹೋಗುವ ಆಸ್ಪತ್ರೆಯ ಅಥವಾ ಕಾರ್ಖಾನೆಯ ಗುರುತಿನ ಚೀಟಿಯ ಜೆರಾಕ್ಸ್ ಇಡಿ. ಸ್ವಂತ ವ್ಯಾಪಾರದವರು ಟ್ರೇಡ್ ಲೈಸೆನ್ಸ್ ಅಥವಾ ಉದ್ಯಮ್ ಪತ್ರದ ಜೊತೆ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಳ್ಳಲಿ. ವಿದ್ಯಾರ್ಥಿಗಳಿಗೆ ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ ಸಾಕು, ಆದರೆ ಅಪ್ಪ ಅಥವಾ ಅಮ್ಮ ಒಂದು ಸಲ ಬಂದು ಮುಖ ತೋರಿಸಿದರೆ ಯಾವ ಪತ್ರಕ್ಕಿಂತಲೂ ಬೇಗ ಕೆಲಸವಾಗುತ್ತದೆ.

ಎರಡನೆಯದು ಹಳೆ ಮನೆ ಮಾಲೀಕರ ಮಾತು. ಎಂದಿನಿಂದ ಎಂದಿನವರೆಗೆ ಇದ್ದರು, ಬಾಡಿಗೆ ಬಾಕಿ ಇಲ್ಲ, ಕರೆಂಟ್ ಬಿಲ್ ಕಟ್ಟಿದ್ದಾರೆ ಎಂದು ನಾಲ್ಕು ಸಾಲು ಬರೆಸಿ, ಸಹಿ ಹಾಕಿಸಿ, ಫೋನ್ ನಂಬರ್ ತೆಗೆದುಕೊಳ್ಳಿ. ಮನೆ ಬಿಡುವ ದಿನವೇ ಬರೆಸಿಕೊಂಡರೆ ಸಿಗುತ್ತದೆ, ಆರು ತಿಂಗಳು ಬಿಟ್ಟು ಕೇಳಿದರೆ ಫೋನೇ ಎತ್ತುವುದಿಲ್ಲ.

ಪರಿಚಯದವರ ಹೆಸರು ಕೊಡುವಾಗ ಒಂದು ವ್ಯತ್ಯಾಸ ತಿಳಿದಿರಲಿ. ‘ಇವರು ಗೊತ್ತು’ ಅನ್ನುವುದು ಬೇರೆ, ಜಾಮೀನು ಬೇರೆ. ಕರಾರಿನಲ್ಲಿ ಸಾಕ್ಷಿಯಾಗಿ ಸಹಿ ಹಾಕಿದವರು ನಿಮ್ಮ ಬಾಡಿಗೆ ಬಾಕಿಗೆ ಹೊಣೆಯಲ್ಲ. ‘ಜಾಮೀನುದಾರ’ ಎಂಬ ಪದದ ಕೆಳಗೆ ಸಹಿ ಹಾಕಿದರೆ ನಿಮ್ಮಷ್ಟೇ ಅವರೂ ಹೊಣೆ. ಸಹೋದ್ಯೋಗಿಯನ್ನು ಕರೆದುಕೊಂಡು ಹೋಗುವ ಮೊದಲು ಯಾವ ಸಹಿ ಬೇಕೆಂದು ಕೇಳಿ, ಸಂಬಂಧ ಉಳಿಯುತ್ತದೆ.

ಆಧಾರ್ ಎಲ್ಲರೂ ಕೇಳುತ್ತಾರೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಂಡು, ಅದರ ಮೇಲೆ ಅಡ್ಡಲಾಗಿ ‘ಬಾಡಿಗೆ ಕರಾರಿಗೆ ಮಾತ್ರ’ ಎಂದು ದಿನಾಂಕ ಸಹಿತ ಬರೆದು ಸಹಿ ಹಾಕಿ ಕೊಡಿ. ಬಾಡಿಗೆದಾರರ ವಿವರವನ್ನು ಪೊಲೀಸ್ ಠಾಣೆಗೆ ಕೊಡಬೇಕು ಅಂದರೆ ಫಾರಂ ತುಂಬಿ, ಫೋಟೊ ಅಂಟಿಸಿ, ಒಂದು ಪ್ರತಿ ನೀವೂ ಇಟ್ಟುಕೊಳ್ಳಿ.

ಇನ್ನು ನೀವು ಕೇಳಬೇಕಾದ ಕಾಗದಗಳು. ಇದನ್ನು ಕೇಳಲು ಹೆಚ್ಚಿನವರು ಸಂಕೋಚ ಪಡುತ್ತಾರೆ, ಮೋಸ ಹೋಗುವುದೂ ಇಲ್ಲೇ. ಅಡ್ವಾನ್ಸ್ ತೆಗೆದುಕೊಳ್ಳುವವರೇ ಮನೆಯ ಮಾಲೀಕರೇ? ಈ ವರ್ಷದ ಕಂದಾಯ ರಸೀದಿ ಅಥವಾ ಆಸ್ತಿ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಇ-ಖಾತಾ ನೋಡಿ. ನಗರ ವ್ಯಾಪ್ತಿಯಲ್ಲಿ ನಗರ ಸ್ಥಳೀಯ ಸಂಸ್ಥೆ, ಊರಂಚಿನ ಪಂಚಾಯಿತಿ ಬಡಾವಣೆಗಳಲ್ಲಿ ಗ್ರಾಮ ಪಂಚಾಯಿತಿ ಅದನ್ನು ಕೊಡುತ್ತದೆ. ಖಾತೆ ತೀರಿಕೊಂಡ ತಂದೆಯ ಹೆಸರಿನಲ್ಲೇ ಉಳಿದಿರುವ ಮನೆಗಳು ಬೇಕಾದಷ್ಟಿವೆ. ಅಂಥ ಕಡೆ ಒಬ್ಬ ಮಗ ಬಾಡಿಗೆಗೆ ಕೊಡುತ್ತಾನೆ, ಇನ್ನೊಬ್ಬ ಬಂದು ‘ಅಡ್ವಾನ್ಸ್ ನಂಗೊತ್ತಿಲ್ಲ’ ಅನ್ನುತ್ತಾನೆ. ಎಲ್ಲರ ಸಹಿ ಇರಲಿ, ಇಲ್ಲವೇ ಉಳಿದವರ ಒಪ್ಪಿಗೆ ಪತ್ರ ಇರಲಿ. ಹಣವನ್ನು ಸಹಿ ಹಾಕಿದವರ ಬ್ಯಾಂಕ್ ಖಾತೆಗೇ ಹಾಕಿ. ನಗದೇ ಬೇಕೆಂದರೆ 5,000 ರೂಪಾಯಿ ದಾಟಿದ ರಸೀದಿಗೆ 1 ರೂಪಾಯಿಯ ರೆವೆನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಸಹಿ ಮಾಡಿಸಿ.

ಕರಾರು 11 ತಿಂಗಳಿಗೇ ಏಕೆ? 1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ಬೇಡವೆಂದು ಒಂದು ತಿಂಗಳು ಕಡಿಮೆ. ನೋಟರಿ ಮೊಹರು ಬಿದ್ದರೆ ನೋಂದಣಿ ಆಯಿತು ಎಂದುಕೊಳ್ಳಬೇಡಿ. ಪಾಸ್‌ಪೋರ್ಟ್‌ಗೆ ವಿಳಾಸದ ದಾಖಲೆಯಾಗಿ ಕರಾರು ಕೊಡುವುದಿದ್ದರೆ ನೋಂದಣಿಯಾದದ್ದೇ ಬೇಕು. ಸ್ಟಾಂಪ್ ಪೇಪರ್‌ನಲ್ಲಿ ಮಾಲೀಕರ ಮತ್ತು ನಿಮ್ಮ ಹೆಸರೇ ಇದೆಯೇ ನೋಡಿ, ಅದರ ತಾರೀಕು ಸಹಿ ಮಾಡಿದ ದಿನದ್ದೋ ಅದಕ್ಕೂ ಹಿಂದಿನದೋ ಆಗಿರಬೇಕು, ನಂತರದ್ದಲ್ಲ. ಟೈಪಿಂಗ್ ಅಂಗಡಿಯವರು ಬೇರೆಯವರ ಕರಾರಿನ ಮೇಲೇ ಹೆಸರು ತಿದ್ದಿ ಕೊಡುವುದರಿಂದ ಮನೆ ನಂಬರ್, ಅಡ್ಡರಸ್ತೆ ಹಳೆಯದೇ ಉಳಿಯುವುದು ಸಾಮಾನ್ಯ. ಪ್ರತಿ ಹಾಳೆಗೂ ಇಬ್ಬರ ಸಹಿ ಬೇಕು.

ಕರಾರಿನಲ್ಲಿ ಜಗಳ ಹುಟ್ಟುವ ಜಾಗಗಳು ಕೆಲವೇ. ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ಮನೆ ಬಿಡಲು ಎಷ್ಟು ದಿನದ ನೋಟಿಸ್, ಅಡ್ವಾನ್ಸ್ ಕೀ ಕೊಟ್ಟ ದಿನವೇ ವಾಪಸೋ ಅಥವಾ ಮುಂದಿನ ಬಾಡಿಗೆದಾರ ಬಂದ ಮೇಲೋ. ಕೊನೆಯದನ್ನು ಬರೆಸದಿದ್ದರೆ ನಿಮ್ಮ ಹಣ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಫ್ಯಾನ್, ಗೀಸರ್, ನಲ್ಲಿ, ಗೋಡೆಯ ಸೋರಿದ ಕಲೆ ಎಲ್ಲದರ ಫೋಟೊ ತೆಗೆದು ಅದೇ ದಿನ ಮಾಲೀಕರಿಗೆ ವಾಟ್ಸಾಪ್ ಮಾಡಿ.

ಮೀಟರ್ ಬೋರ್ಡ್ ಮುಂದೆ ಐದು ನಿಮಿಷ ನಿಲ್ಲಿ. ಕೆಳಗೆ ಮಾಲೀಕರು, ಮೇಲೆ ಬಾಡಿಗೆದಾರರು ಇರುವ ಮನೆಗಳಲ್ಲಿ ಯಾವ ಮೀಟರ್ ಯಾರದು ಎಂಬುದು ಬಿಲ್ ಬಂದ ಮೇಲೆ ಗೊತ್ತಾಗುವುದುಂಟು. ನಿಮ್ಮ ಮನೆಯ ಮೇನ್ ಸ್ವಿಚ್ ಇಳಿಸಿ, ಯಾವ ಮೀಟರ್‌ನ ದೀಪ ಮಿಟುಕುವುದು ನಿಲ್ಲುತ್ತದೆ ನೋಡಿ. ಅದರ ಆರ್‌ಆರ್ ನಂಬರ್ (ಬಿಲ್‌ನಲ್ಲಿರುವ ಸಂಪರ್ಕ ಸಂಖ್ಯೆ) ಕರಾರಿನಲ್ಲಿ ಬರಲಿ, ಆ ದಿನದ ರೀಡಿಂಗ್ ಕೂಡ. ನೀರೆತ್ತುವ ಮೋಟರ್ ಯಾವ ಮೀಟರ್‌ಗೆ ಸೇರಿದೆ ಎಂದೂ ಕೇಳಿ. ವಿದ್ಯುತ್ ನಿಗಮ ಹೆಚ್ಚುವರಿ ಭದ್ರತಾ ಠೇವಣಿ ಎಂದು ಆಗಾಗ ಕೇಳುವ ಮೊತ್ತ ಆ ಸಂಪರ್ಕದ ಖಾತೆಯಲ್ಲೇ ಉಳಿಯುವ ದುಡ್ಡು. ಅದನ್ನು ಮಾಲೀಕರು ಕಟ್ಟಬೇಕೆಂದು ಒಂದು ಸಾಲು ಸೇರಿಸಿ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಹಿಂದಿನವರ ಆಧಾರ್ ಆ ಮೀಟರ್‌ಗೆ ಅಂಟಿಕೊಂಡಿದ್ದರೆ ನಿಮ್ಮದು ಸೇರುವುದಿಲ್ಲ. ಅವರು ಡಿ-ಲಿಂಕ್ ಮಾಡಿದ್ದಾರೆಯೇ ಎಂದು ಅಡ್ವಾನ್ಸ್ ಕೊಡುವ ಮೊದಲೇ ಕೇಳಿ. ನಿಮ್ಮ ಹಳೆ ಮನೆಯದನ್ನು ನೀವೂ ಬಿಡಿಸಿ.

ಮನೆ ಬಾಡಿಗೆ ಭತ್ಯೆಗೆ ತೆರಿಗೆ ವಿನಾಯಿತಿ ಪಡೆಯುವವರು, ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಕೊಡಬೇಕಾಗುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ಈ ವಿನಾಯಿತಿಯೇ ಇಲ್ಲ. ಪ್ಯಾನ್ ಕೊಡಲ್ಲ ಅನ್ನುವ ಮಾಲೀಕರು ಮಾರ್ಚ್‌ನಲ್ಲೂ ಕೊಡುವುದಿಲ್ಲ, ಮಾತುಕತೆಯ ದಿನವೇ ಕೇಳಿ.

ತಿಂಗಳ ಬಾಡಿಗೆಯ ಬದಲು ದೊಡ್ಡ ಗಂಟು ಕೊಟ್ಟು ಮನೆಯನ್ನು ಭೋಗ್ಯಕ್ಕೆ ಹಾಕಿಕೊಳ್ಳುವವರಿಗೆ ಮೇಲಿನದೆಲ್ಲ ಸಾಲದು. ಲಕ್ಷಗಟ್ಟಲೆ ಹಣ ಒಂದೇ ಗಂಟಿನಲ್ಲಿ ಹೋಗುತ್ತದೆ, ಮನೆ ಮೇಲೆ ಬ್ಯಾಂಕ್ ಸಾಲವಿದ್ದು ಕಂತು ನಿಂತರೆ ಹರಾಜಿನ ನೋಟಿಸ್ ಅಂಟುವುದು ನೀವಿರುವ ಬಾಗಿಲಿಗೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರ (ಇಸಿ) ತೆಗೆಸಿ, ಆ ಆಸ್ತಿಯ ಮೇಲೆ ನೋಂದಣಿಯಾದ ವಹಿವಾಟು ಅದರಲ್ಲಿ ಕಾಣುತ್ತದೆ. ನಮೂನೆ 15 ಬಂದರೆ ವಹಿವಾಟುಗಳಿವೆ, ಒಂದೊಂದನ್ನೂ ಓದಿ. ನಮೂನೆ 16 ಬಂದರೆ ಆ ಅವಧಿಯಲ್ಲಿ ನೋಂದಣಿಯಾದದ್ದು ಏನೂ ಇಲ್ಲ. ಅಷ್ಟಕ್ಕೇ ನಿಶ್ಚಿಂತರಾಗಬೇಡಿ, ಅದರಲ್ಲಿ ಕಾಣದ ಸಾಲವೂ ಇರಬಹುದು. ಅಸಲು ಕ್ರಯಪತ್ರ ತೋರಿಸಿ ಅನ್ನಿ. ‘ಲಾಕರ್‌ನಲ್ಲಿದೆ, ಜೆರಾಕ್ಸ್ ನೋಡಿ’ ಎಂಬ ಉತ್ತರ ಎರಡನೇ ಸಲವೂ ಬಂದರೆ ಅಸಲು ಬ್ಯಾಂಕಿನಲ್ಲಿ ಅಡವಿರಬಹುದು. ಎರಡು ಮೂರು ವರ್ಷದ ಭೋಗ್ಯವನ್ನು 11 ತಿಂಗಳ ಕರಾರಿನಲ್ಲಿ ಬರೆಸಲು ಒಪ್ಪಬೇಡಿ, ನೋಂದಣಿ ಮಾಡಿಸಿ. ಮಾಲೀಕರು ಅದಕ್ಕೆ ಬೇಡ ಅಂದರೆ ತಿಂಗಳ ಬಾಡಿಗೆಗೇ ಬೇರೆ ಮನೆ ನೋಡಿ.